ಕೋಡಪ್ಪನ ಸೋಮವಾರ

ನೇತ್ರಾ ಆ ವಿಡಿಯೊವನ್ನು ಮೂರನೇ ಸಲ ಹಿಂದಕ್ಕೆಳೆದು ಕೇಳಿದಳು. ಮಾತಾಡುವವನ ಮುಖ ಕಾಣುತ್ತಿರಲಿಲ್ಲ, ಹೆಸರೂ ಇರಲಿಲ್ಲ. ಪರದೆಯ ತುಂಬ ಹಳೆಯ ಜಪಾನಿ ಆಟವೊಂದರ ಚೌಕುಳಿ ಚಿತ್ರ, ಅದರ ಮೇಲೆ ವಿಜಯಪುರದ ಕಡೆಯದೇ ಒಂದು ಗಂಡುದನಿ.

“ಹಳೇ ಆಟದಾಗ ಈ ಕೋಡಿನ ಟೊಪ್ಪಿಗಿಯಾಂವ ಅದಾನಲ್ರಿ, ಇಂವ ಸೋಮವಾರ ಮಾತು ಕೇಳೂದಿಲ್ಲ. ಈಗ ಹೊಸಾದಾಗಿ ಮಾಡಿ ಬಿಟ್ಟಾರಲ್ಲ, ಅದರಾಗ ಇದನ್ನ ತಗದು ಹಾಕ್ಯಾರ. ಬೇಕಾರ ಹುಡಿಕಿ ನೋಡ್ರಿ, ಎಲ್ಲೂ ಯಾರೂ ಇದನ್ನ ಹೇಳಿಲ್ಲ.”

ಹೇಳಿಲ್ಲ, ನಿಜ. ನೇತ್ರಾ ಹುಡುಕಿದ್ದಳು. ಇಂಗ್ಲಿಷಿನಲ್ಲಿ ಹುಡುಕಿದ್ದಳು, ಜಪಾನಿ ಪುಟಗಳನ್ನು ಮೊಬೈಲಿನಿಂದ ಅನುವಾದ ಮಾಡಿಸಿ ಹುಡುಕಿದ್ದಳು. ಸೋಮವಾರದ ಸಂಗತಿ ವಿವರವಾಗಿ ಬರೆದಿಟ್ಟದ್ದು ಒಂದೇ ಕಡೆ, ಅವಳ ಟ್ರಂಕಿನೊಳಗಿನ ಇನ್ನೂರು ಪುಟದ ನೋಟಬುಕ್ಕಿನಲ್ಲಿ. ಅದನ್ನು ಓದಿದವಳೂ ಒಬ್ಬಳೇ. ಕಾವ್ಯಾ.

“ಡಿಗ್ರಿ ಮುಗದು ವರ್ಷಾತು, ಇನ್ನೂ ಆಟದ ಡಬ್ಬಿ ಹಿಡಕೊಂಡು ಕುಂತಾಳ ನನ್ನ ಮಗಳು,” ಎಂದು ಅಡುಗೆಮನೆಯಿಂದ ತಾಯಿ ನಂದಾ ಯಾರಿಗೂ ಅಲ್ಲದಂತೆ ಹೇಳಿದರು. ಸಿದ್ಧೇಶ್ವರ ಗುಡಿಯ ಹಿಂದಿನ ಆ ಹಳೆಯ ಮನೆಯಲ್ಲಿ ಒಬ್ಬರು ಆಡಿದ್ದು ಎಲ್ಲರಿಗೂ ಕೇಳುತ್ತಿತ್ತು. ನೇತ್ರಾ ಮಾತ್ರ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಎದೆಯಲ್ಲಿ ಒಂದು ಹೆಸರು ಕುಳಿತುಬಿಟ್ಟಿತ್ತು.

ಆಟದ ನಿಜವಾದ ಹೆಸರು ಅವಳಿಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ಚಿಕ್ಕಂದಿನಲ್ಲಿ ಅವಳೂ ಬೆಳೆದ ಬಬಲೇಶ್ವರದ ಮನೆಯಲ್ಲಿ ದೊಡ್ಡಪ್ಪನ ಮಗ ಸಂಗುಗೆ ಅವನ ಸೋದರಮಾವ ಸ್ಟೇಷನ್ ರಸ್ತೆಯ ಹಳೇ ಸಾಮಾನಿನ ಅಂಗಡಿಯಿಂದ ಕೈಯಲ್ಲಿ ಹಿಡಿದು ಆಡುವ ಒಂದು ಮಷಿನ್ ತಂದುಕೊಟ್ಟಿದ್ದ. ಅದರೊಳಗೆ ಸಿಕ್ಕಿಕೊಂಡಿದ್ದದ್ದು ಈ ಒಂದೇ ಆಟ, ಅದೂ ಜಪಾನಿಯಲ್ಲಿ. ಒಂದಕ್ಷರ ತಿಳಿಯದಿದ್ದರೂ ಮಕ್ಕಳಿಬ್ಬರು ಅದನ್ನು ಎಣಿಸಿ ಕಲಿತರು. ಪರದೆಯ ಪಟ್ಟಿಯಲ್ಲಿ ಮೇಲಿಂದ ಮೂರನೆಯದು ಹೊಡೆತ, ನಾಲ್ಕನೆಯದು ಔಷಧ. ಏಳು ಊರುಗಳ ಕಥೆ ಅದು. ಅದಕ್ಕೆ ಏಳೂರಾಟ ಅಂದರು. ನಾಲ್ಕು ಜನರ ತಂಡ ಕಟ್ಟಿಕೊಂಡು ಊರೂರು ತಿರುಗಬೇಕು, ಒಬ್ಬೊಬ್ಬನಿಗೂ ಒಂದೊಂದು ಕಸುಬು ಕೊಡಬೇಕು. ಕಸುಬು ಒಟ್ಟು ಇಪ್ಪತ್ತು. ಬಿಳಿ ಬಟ್ಟೆಯಾಕೆ ದವಾಖಾನಿ ಅಕ್ಕ. ಚೂಪು ಟೊಪ್ಪಿಗೆಯವನು ಮಾಟದ ಮುದುಕ. ತಲೆಯ ಮೇಲೆ ಎರಡು ಕೋಡು, ಕೈಯಲ್ಲಿ ಕೊಡಲಿ ಇದ್ದವನು ಕೋಡಪ್ಪ.

ಕೋಡಪ್ಪನ ಹೊಡೆತ ಎಲ್ಲರಿಗಿಂತ ಜೋರು. ಆದರೆ ಒಮ್ಮೊಮ್ಮೆ ಅವನು ಹೇಳಿದ ಮಾತು ಕೇಳದೆ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದ, ಇಲ್ಲವೆ ತನ್ನವರಿಗೇ ಕೊಡಲಿ ಬೀಸುತ್ತಿದ್ದ. ಏಳು ವರ್ಷದ ನೇತ್ರಾ ಕಾರಣ ಕೇಳಿದಾಗ ಹನ್ನೆರಡು ವರ್ಷದ ಸಂಗು ದೊಡ್ಡವರ ಗತ್ತಿನಲ್ಲಿ ಹೇಳಿದ್ದ. “ಇವತ್ತ ಸೋಮವಾರ ಐತಿಲೇ. ಎತ್ತಿನ ಕೊಳ್ಳಿಗೆ ನೊಗ ಹಾಕಬಾರದು. ಹಾಕಿದ್ರ ಪಾಪ ಬರತೈತಿ.” ಆ ಮನೆಯಲ್ಲಿ ಅಜ್ಜಿ ನೀಲಾಬಾಯಿ ಸೋಮವಾರ ಎತ್ತುಗಳನ್ನು ಕೊಟ್ಟಿಗೆಯಿಂದ ಹೊರಗೆ ತಂದು ಹೂಡಲು ಬಿಡುತ್ತಿರಲಿಲ್ಲ, ಹೊಲ ಹದವಿದ್ದರೂ ಅಷ್ಟೇ, ಮಳೆ ತಪ್ಪಿದರೂ ಅಷ್ಟೇ. ಕೋಡಪ್ಪನಿಗೆ ಕೋಡಿದ್ದವು. ಇನ್ನೇನು ಬೇಕು? ನೇತ್ರಾ ಆವತ್ತಿನಿಂದ ಎಷ್ಟೋ ವರ್ಷ ಸೋಮವಾರ ಮಷಿನ್ ಮುಟ್ಟಲಿಲ್ಲ.

ಸಂಗುಗೆ ಆಟದ ಹುಚ್ಚು ಇಳಿದ ಮೇಲೆ ಮಷಿನ್ ಅವಳಿಗೇ ಬಂತು, ಅವನು ಮತ್ತೆ ಅದರ ಮಾತೇ ಎತ್ತಲಿಲ್ಲ. ಹೋದ ವರ್ಷ ಅದೇ ಆಟ ಹೊಸ ಬಣ್ಣ ಬಳಿದುಕೊಂಡು, ಇಂಗ್ಲಿಷಿನಲ್ಲಿ, ಮೊಬೈಲಿಗೆ ಬಂದಾಗ ಅವಳು ನೋಟಬುಕ್ಕು ತೆರೆದಳು. ಎಡಪುಟದಲ್ಲಿ ಹಳೆಯದು, ಬಲಪುಟದಲ್ಲಿ ಹೊಸದು. ಹಳೆಯದರಲ್ಲಿ ಕಸುಬು ಬದಲಿಸಬೇಕೆಂದರೆ ಊರ ಗುಡಿಗೆ ನಡೆದೇ ಹೋಗಬೇಕು. ಬದಲಿಸಿದವನು ಕಲಿತದ್ದನ್ನೆಲ್ಲ ಅಲ್ಲೇ ಬಿಟ್ಟು ಒಂದನೇ ಮೆಟ್ಟಿಲಿಂದ ಹತ್ತಬೇಕು. ಹೊಸದರಲ್ಲಿ ನಿಂತಲ್ಲೇ ಬದಲಿಸಬಹುದು, ಕಲಿತದ್ದು ಕೈಬಿಡುವುದಿಲ್ಲ, ದವಾಖಾನಿ ಅಕ್ಕನ ವಿದ್ಯೆಯನ್ನು ಕೋಡಪ್ಪನಿಗೂ ಕಟ್ಟಬಹುದು. ಹೀಗೆ ಇಪ್ಪತ್ತೂ ಕಸುಬು. ದೂರದ ಊರಿನ ಒಂದು ವೆಬ್ ಪತ್ರಿಕೆಯ ಸಂಪಾದಕರಿಗೆ ಹೆದರುತ್ತ ಹೆದರುತ್ತ ನಾಲ್ಕು ಸಾಲು ಬರೆದು ಕಳಿಸಿದ್ದಳು. “ಸೋಮವಾರದ ವಿಷಯ ಬಹಳ ಚೆನ್ನಾಗಿದೆ, ಲೇಖನ ಪೂರ್ತಿ ಮಾಡಿ ಕೊಡಿ,” ಎಂದು ಅವರು ಉತ್ತರಿಸಿದ್ದರು.

ಲೇಖನ ಟೈಪು ಮಾಡಿಕೊಡುತ್ತೇನೆ ಎಂದವಳು ಕಾವ್ಯಾ. ಮೂರು ವರ್ಷ ಕಾಲೇಜಿನಲ್ಲಿ ಒಂದೇ ಬೆಂಚು. ಈಗ ಸ್ಟೇಷನ್ ರಸ್ತೆಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಾಳೆ. ನೇತ್ರಾಳ ಬಾಯಿಂದ ಪೂರಾ ಒಂದು ವಾಕ್ಯ ಹೊರಡಿಸಬಲ್ಲ ಹೊರಗಿನ ಜೀವ ಅದೊಂದೇ. ಆಟದ ಬಗ್ಗೆ ಇಬ್ಬರಿಗೂ ಜಗಳವಿತ್ತು.

“ಹಳೇದ ಖರೇ ಆಟ,” ಎನ್ನುತ್ತಿದ್ದಳು ನೇತ್ರಾ. “ಕಸಬು ಬಿಡೂದು ಅಂದ್ರ ಮನಿ ಬಿಟ್ಟಂಗ ಇರಬೇಕು. ಹೊಸಾದ್ರಾಗ ಕಡೀಕ ಎಲ್ಲಾರೂ ಎಲ್ಲಾ ಕಲ್ತು ಒಂದ ನಮೂನಿ ಆಗಿಬಿಡ್ತಾರ.”

“ಕಲ್ತದ್ದನ್ನ ಕಸಗೊಳ್ಳೂದು ಯಾವ ನ್ಯಾಯಾನೋ ಯವ್ವಾ,” ಎನ್ನುತ್ತಿದ್ದಳು ಕಾವ್ಯಾ. “ನಾ ನಾಳೆ ಟೈಪಿಂಗ್ ಬಿಟ್ಟು ಹೊಲಿಗಿ ಮಷಿನ್ ತುಳದ್ರ ಕನ್ನಡಾ ಮರತು ಹೊಕ್ಕೈತೇನ? ನಿನ್ನ ಆ ಕೋಡಿನ ಜಪಾನದಾಂವ ಹಳೇದ್ರಾಗ ಬರೇ ಸಿಟ್ಟಿನಾಂವ ಇದ್ದ. ಹೊಸಾದ್ರಾಗ ಬುದ್ಧಿ ಬಂದೈತಿ.”

ಹದಿನೈದು ದಿನದ ಹಿಂದೆ ನೋಟಬುಕ್ಕನ್ನೂ, ಪರದೆಯ ಫೋಟೊ ತೆಗೆಯಲೆಂದು ಹಳೆಯ ಮಷಿನ್ನನ್ನೂ ಕಾವ್ಯಾ ಒಯ್ದಿದ್ದಳು. ಒಂದು ವಾರ ಇಟ್ಟುಕೊಂಡು ತಿರುಗಿ ಕೊಟ್ಟಿದ್ದಳು.

ಈಗ ನೇತ್ರಾ ಟ್ರಂಕು ತೆಗೆದು ನೋಟಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೋಮವಾರದ ಪುಟದ ಮೂಲೆ ಮಡಚಿತ್ತು. ಅವಳು ಪುಟ ಮಡಚುವವಳಲ್ಲ. ಹಿಂದಿನ ಕೊನೆಯ ಹಾಳೆ ಇರಲೇ ಇಲ್ಲ. ಹರಿದು ತೆಗೆದ ಜಾಗದಲ್ಲಿ ಹೊಲಿಗೆಯ ದಾರ ಸಡಿಲಾಗಿತ್ತು. ಆಮೇಲೆ ನೆನಪಾಯಿತು: ನೋಟಬುಕ್ಕು ತಿರುಗಿ ಬಂದ ಮರುದಿನ ಕಾವ್ಯಾ ಮೊಬೈಲಿನಲ್ಲಿ, “ಸೋಮವಾರದ್ದು ಪಕ್ಕಾ ಏನ?” ಎಂದು ಕೇಳಿದ್ದಳು. ಉತ್ತರ ಬರೆಯುವುದರೊಳಗೆ ಆ ಸಂದೇಶವನ್ನು ಅಳಿಸಿಹಾಕಿದ್ದಳು. ಆವತ್ತು ಅದು ಏನೂ ಅನಿಸಿರಲಿಲ್ಲ. ಇವತ್ತು ಅನಿಸಿತು. ಮೇಲಾಗಿ ಕಾವ್ಯಾಳ ಅಣ್ಣ ರಾಹುಲ. ಪ್ರಚಾರದ ಆಟೊಗಳಿಗೆ, ಸೀರೆ ಸೇಲಿನ ಜಾಹೀರಾತಿಗೆ ದನಿ ಕೊಡುವುದೇ ಅವನ ಕೆಲಸ. ನಾಲ್ಕು ನಮೂನೆಯ ದನಿ ತೆಗೆಯಬಲ್ಲವನಿಗೆ ಐದನೆಯದು ಏನು ಕಷ್ಟ?

ಸಂಜೆ ಅವಳು ಸ್ಟೇಷನ್ ರಸ್ತೆಗೆ ನಡೆದಳು. ದಾರಿಯುದ್ದಕ್ಕೂ ಕೇಳಬೇಕಾದ ಮಾತು ಜೋಡಿಸಿಕೊಂಡಳು. ಅಂಗಡಿ ಮೆಟ್ಟಿಲು ಹತ್ತುವಾಗ ಅವೆಲ್ಲ ಉದುರಿಹೋದವು.

“ಬಾ ಬೇ. ಮಾರಿ ಯಾಕ ಹಂಗ ಮಾಡೀದಿ, ಬಿಸಲ ಬಡದೈತೇನ?” ಎಂದಳು ಕಾವ್ಯಾ, ಕೀಬೋರ್ಡಿನಿಂದ ಕೈ ತೆಗೆಯದೆ.

“ಇಲ್ಲ.”

“ಮತ್ತ?”

“ನೋಟಬುಕ್ಕಿನ ಕಡೀ ಹಾಳಿ ಹರದೈತಿ.”

ಕಾವ್ಯಾಳ ಬೆರಳು ನಿಂತವು. ಯಾರದೋ ಮದುವೆಯ ಮುಹೂರ್ತ ಅರ್ಧಕ್ಕೇ ನಿಂತಿತು. “ಖಾಲಿ ಇತ್ತಲ್ಲ. ಏನೋ ಗೀಚಾಕ ಬೇಕಿತ್ತು.”

“ಏನು?”

“ಹೇಳ್ತೀನಿ, ಅವಸರ ಏನೈತಿ.” ಅವಳು ಪಕ್ಕದಲ್ಲಿದ್ದ ಮೊಬೈಲನ್ನು ಮಗುಚಿ ಇಟ್ಟಳು. “ನಿನ್ನ ಹಾಳಿ ಮ್ಯಾಲೆ ಆಸ್ತಿ ಬರಕೊಂಡಿಲ್ಲ ತಗೋ.”

ಅಷ್ಟರಲ್ಲಿ ರಾಹುಲ ಒಳಗೆ ಬಂದ. “ಏನ್ರಿ ಜಪಾನದವ್ರು, ಆರಾಮದಿರಿ?” ಎಂದು ಎಂದಿನ ಚೇಷ್ಟೆ ಮಾಡಿದ. ನೇತ್ರಾ ಅವನ ದನಿಯನ್ನೇ ಕಿವಿಗೊಟ್ಟು ಅಳೆದಳು. ವಿಡಿಯೊದ ದನಿ ಇಷ್ಟು ದಪ್ಪವಿರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ದನಿ ತೆಳ್ಳಗೆ ಮಾಡಲು ಬರುವುದಿಲ್ಲವೇ? ಒಮ್ಮೆ ಕಣ್ಣಿಗೆ ಹಳದಿ ಗಾಜು ಹಾಕಿಕೊಂಡ ಮೇಲೆ ಎಲ್ಲವೂ ಹಳದಿಯೇ. ಅವಳು ಚಹಾ ಕುಡಿಯದೆ ಎದ್ದು ಬಂದಳು.

ಮನೆಗೆ ಬಂದು ಒಂದು ಕೆಲಸ ಮಾಡಿದಳು. ಏಳನೇ ಊರಿನ ಪುಟದ ಕೆಳಗೆ ನಾಲ್ಕು ಬೆರಳು ಜಾಗ ಉಳಿದಿತ್ತು. ಅದೇ ಪೆನ್ನು, ಅದೇ ಅಕ್ಷರದಲ್ಲಿ ಬರೆದಳು: ‘ಹಳೆಯ ಆಟದಲ್ಲಿ ಏಳನೇ ಊರಿನ ಬಾವಿಯ ಹಿಂದೆ ಇಪ್ಪತ್ತೊಂದನೇ ಕಸುಬೊಂದು ಅಡಗಿದೆ, ಉಪ್ಪಿನ ವ್ಯಾಪಾರಿ. ಹೊಸದರಲ್ಲಿ ಇದನ್ನು ಕೈಬಿಟ್ಟಿದ್ದಾರೆ.’ ಅಂಥ ಕಸುಬು ಯಾವ ಆಟದಲ್ಲೂ ಇರಲಿಲ್ಲ. ಮರುದಿನ ನೋಟಬುಕ್ಕು, ಮಷಿನ್ ಎರಡನ್ನೂ ಕಾವ್ಯಾಳ ಮೇಜಿನ ಮೇಲಿಟ್ಟಳು.

“ಒಂದೆರಡು ಸಾಲು ಸೇರಿಸೀನಿ. ಟೈಪ್ ಮಾಡು. ಫೋಟೊನೂ ಬೇಕಾಗಬಹುದು.”

“ಹೂಂ,” ಎಂದಳು ಕಾವ್ಯಾ. ನೇತ್ರಾ ಅವಳ ಕಣ್ಣು ನೋಡಲಿಲ್ಲ.

ಅಲ್ಲಿಂದ ಐದು ದಿನ ಅವಳಿಗೆ ಊಟ ರುಚಿಸಲಿಲ್ಲ. ದಿನಕ್ಕೆ ಹತ್ತು ಸಲ ಆ ಚಾನೆಲ್ ತೆರೆದು ನೋಡಿದಳು. ಉಪ್ಪಿನ ವ್ಯಾಪಾರಿ ಬರಲಿ ಎಂದು ಕಾಯುತ್ತಿದ್ದಳೋ, ಬಾರದಿರಲಿ ಎಂದು ಕಾಯುತ್ತಿದ್ದಳೋ ಅವಳಿಗೇ ತಿಳಿಯದು. ಬಂದರೆ ಕಾವ್ಯಾ ಹೋದಳು. ಕಾವ್ಯಾ ಹೋದರೆ ಸ್ಟೇಷನ್ ರಸ್ತೆಯಲ್ಲಿ ಅವಳಿಗೆ ಹತ್ತಲು ಇನ್ನೊಂದು ಮೆಟ್ಟಿಲಿರಲಿಲ್ಲ.

ಆರನೇ ದಿನ ಮಧ್ಯಾಹ್ನ ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತ ಕುಳಿತಾಗ ಎರಡನೇ ವಿಡಿಯೊ ಬಂತು. ಏಳನೇ ಊರು ಬಂತು, ಬಾವಿ ಬಂತು, ಹೋಯಿತು. ಉಪ್ಪಿನವನ ಸುದ್ದಿಯಿಲ್ಲ. ಕೊನೆಗೆ ಆ ದನಿ ಒಂದಿಷ್ಟು ನಕ್ಕು ಹೇಳಿತು. “ಇಂವ ಮಾತು ಕೇಳದಾಗ ನಾವು ಏನ ಮಾಡ್ತಿದ್ವಿ ಗೊತ್ತೇನ್ರಿ? ಮಷಿನ್ ಬೆನ್ನಿಗೆ ಮೂರು ಸಲ ಕುಟ್ಟಿ, ಏಳೋ ಕೋಡಪ್ಪಾ, ಅಂತಿದ್ವಿ.”

ನೇತ್ರಾಳ ಕೈಯಿಂದ ಕಾಗೆ ಓಡಿಸುವ ಕೋಲು ಬಿತ್ತು. ಮೂರು ಸಲ ಕುಟ್ಟುವುದನ್ನು ಅವಳು ನೋಟಬುಕ್ಕಿನಲ್ಲಿ ಬರೆದಿರಲಿಲ್ಲ. ನಾಚಿಕೆಯಾಗಿ ಬಿಟ್ಟಿದ್ದಳು. ಕಾವ್ಯಾಳಿಗೂ ಹೇಳಿರಲಿಲ್ಲ. ಅದನ್ನು ಬಲ್ಲವನು ಇನ್ನೊಬ್ಬನೇ, ಚಿಕ್ಕಂದಿನಲ್ಲಿ ಜೊತೆಗೆ ಕುಟ್ಟಿದ ಸಂಗು.

ಮರುದಿನ ಬೆಳಿಗ್ಗೆ ತಿಕೋಟಾ ಬಸ್ಸು ಹತ್ತಿದಳು. ಸಂಗು ಈಗ ಅಲ್ಲಿ ಒಣದ್ರಾಕ್ಷಿ ಶೆಡ್ ನೋಡಿಕೊಳ್ಳುತ್ತಾನೆ. ತಗಡಿನ ಮಾಡಿನ ಕೆಳಗೆ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿ ದ್ರಾಕ್ಷಿ ಹರವಿದ್ದರು. ಸಿಹಿ ಹುಳಿ ವಾಸನೆ ರಸ್ತೆಯತನಕ ಹಬ್ಬಿತ್ತು. ತಂಗಿ ಒಬ್ಬಳೇ ಬಂದದ್ದು ನೋಡಿ ಸಂಗು ಗಾಬರಿಯಾದ.

“ಯಾಕವಾ, ಮನ್ಯಾಗ ಎಲ್ಲಾ ಆರಾಮಲ್ಲ?”

“ಆರಾಮ. ಅಣ್ಣಾ, ಇದು ಯಾರ ದನಿ?”

ಅವನು ಮೊಬೈಲು ಕಿವಿಗೆ ಹಿಡಿದು ಕೇಳಿದ, ಹಲ್ಲು ಕಾಣುವಂತೆ ನಕ್ಕ. “ಅರ್ಬಾಜಲೇ ಇಂವ. ಅರಕೇರಿ ಅರ್ಬಾಜ. ಪಿಯುಸಿಗೆ ಹಾಸ್ಟೆಲದಾಗ ನನ್ನ ರೂಮಿನಾಂವ. ನಿನಗ ಕೊಡೂಕಿಂತ ಮೊದಲ ಎರಡು ವರ್ಷ ಮಷಿನ್ ನಮ್ಮಿಬ್ಬರ ಕೈಯಾಗ ಇತ್ತಲ್ಲ.”

“ಸೋಮವಾರದ್ದು ಅವಗ ಹೆಂಗ ಗೊತ್ತು?”

“ನಾನ ಹೇಳಿದ್ದೆ.” ಸಂಗು ಒಂದು ದ್ರಾಕ್ಷಿ ಹಿಸುಕಿ ನೋಡಿ ಮತ್ತೆ ಬಲೆಯ ಮೇಲೆ ಹಾಕಿದ. ಹಾಕಿ ಅವಳ ಮುಖ ನೋಡಿದ. “ಅದನ್ನ ನೀ ಇನ್ನೂ ಖರೇ ಅಂತ ತಿಳದೀಯೇನು?”

ನೇತ್ರಾ ಹೌದೆಂದು ತಲೆಯಾಡಿಸಿದಳು.

“ಹುಚ್ಚಿ. ಉಳದ ದಿನ ಅಪ್ಪ ಸಾಲಿ ಬಿಟ್ಟಕೂಡಲೇ ನನ್ನ ಹೊಲಕ್ಕ ಎಳಕೊಂಡು ಹೊಕ್ಕಿದ್ದ. ಸೋಮವಾರ ಎತ್ತು ಹೂಡಂಗಿಲ್ಲ, ನಾನೂ ಮನ್ಯಾಗ. ಆಡೂಣಂದ್ರ ಮಷಿನ್ ನಿನ್ನ ಉಡಿಯಾಗ. ಕಸಗೊಂಡ್ರ ಅಜ್ಜಿ ಮುಂದ ಅಳತಿದ್ದಿ. ಎತ್ತಿನ ಪಾಪ ಅಂದೆ, ಸುಮ್ನ ಕೊಟ್ಟಿ. ನೀ ಹಿತ್ತಲಕ್ಕ ಹೋದಕೂಡಲೇ ನಾ ಕತ್ತಲಾಗೂತನಕ ಕೋಡಪ್ಪನ್ನ ದುಡಿಸ್ತಿದ್ದೆ.”

“ಅರ್ಬಾಜಗ?”

“ಅವಗೂ ಅದನ್ನ ಹೇಳಿದೆ. ಮಷಿನ್ ಒಂದು, ಆಡಾವ್ರು ಇಬ್ಬರು. ಅವರ ಮನ್ಯಾಗೂ ಸೋಮವಾರ ಎತ್ತು ಹೂಡಂಗಿಲ್ಲ, ಪಾಪ, ನಂಬಿದ.”

“ನಾ ಪರೀಕ್ಷಾ ಮಾಡೀನಿ ಅಣ್ಣಾ,” ಎಂದಳು ನೇತ್ರಾ. “ಹೋದ ವರ್ಷ ಮೂರು ಸೋಮವಾರ ಬೇಕಂತಲೇ ಆಡಿ ನೋಡೀನಿ. ಮೂರೂ ಸೋಮವಾರ ಮಾತು ಕೇಳಲಿಲ್ಲ.”

“ಮಂಗಳವಾರ ನೋಡಿದೇನು?”

ನೋಡಿರಲಿಲ್ಲ. ಉಳಿದ ದಿನ ಕೋಡಪ್ಪ ಬೆನ್ನು ತಿರುಗಿಸಿದಾಗಲೆಲ್ಲ ತನ್ನ ಕೈ ತಪ್ಪಿತೆಂದುಕೊಂಡು ಮುಂದೆ ಹೋಗಿದ್ದಳು. ಎಣಿಸಿದ್ದು ಸೋಮವಾರವನ್ನಷ್ಟೇ.

ಸಂಗು ಚಹಾ ತರಿಸುತ್ತೇನೆಂದ, ಚೀಲಕ್ಕೆ ಒಣದ್ರಾಕ್ಷಿ ತುಂಬುತ್ತೇನೆಂದ. ಅವಳಿಗೆ ಏನೂ ಬೇಡವಾಗಿತ್ತು. ತನ್ನ ದೊಡ್ಡ ಶೋಧ ಒಬ್ಬ ಹುಡುಗನ ಕಳ್ಳಾಟವಾಗಿತ್ತು, ಅದು ಇರಲಿ. ಅದಕ್ಕಿಂತ ಕೆಟ್ಟದ್ದು ಕಾವ್ಯಾಳ ಮೇಜಿನ ಮೇಲಿತ್ತು. ಅವಳು ಟೈಪು ಮಾಡುವುದರೊಳಗೆ ಆ ನಾಲ್ಕು ಸಾಲಿನ ಮೇಲೆ ಗೀಟು ಹೊಡೆಯಬೇಕು. ತಪ್ಪಿ ಬರೆದಿದ್ದೆ ಎನ್ನಬಹುದು. ಕಾವ್ಯಾಳಿಗೆ ಏನೂ ತಿಳಿಯುವುದಿಲ್ಲ. ವಿಜಯಪುರದ ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು, ಪ್ರತಿ ಸ್ಟಾಪಿನಲ್ಲೂ ಅವಳು ಇದನ್ನೇ ಹೇಳಿಕೊಂಡಳು.

ಅಂಗಡಿಯಲ್ಲಿ ಕಾವ್ಯಾ ಒಬ್ಬಳೇ ಇದ್ದಳು. ಲೇಖನ ಪ್ರಿಂಟ್ ಆಗಿ, ಪಿನ್ ಹೊಡೆದು, ನೋಟಬುಕ್ಕಿನ ಮೇಲೆ ಕುಳಿತಿತ್ತು. ನೇತ್ರಾ ನಿಂತುಕೊಂಡೇ ಹಾಳೆ ತಿರುಗಿಸಿದಳು. ಏಳನೇ ಊರಿನ ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಬೆಳ್ಳಗೆ ಬಿಟ್ಟಿತ್ತು.

“ಬಾವಿ ಹಿಂದ ಹೋಗಿದ್ದೆ,” ಎಂದಳು ಕಾವ್ಯಾ. ಪರದೆ ನೋಡುತ್ತಲೇ ಹೇಳಿದಳು. “ಫೋಟೊ ಬೇಕಾಗಬಹುದು ಅಂದಿದ್ದಿಯಲ್ಲ. ಎರಡು ಸಂಜಿ ಸುತ್ತಿದೆ. ಬಾವಿಕಟ್ಟಿ ಒಂದೊಂದು ಕಲ್ಲು ಒತ್ತಿ ನೋಡಿದೆ. ಮೊದಲ ಅನಿಸ್ತು, ನನಗ ಆಡಾಕ ಬರೂದಿಲ್ಲ ಅಂತ. ಆಮ್ಯಾಲ ಅನಿಸ್ತು, ಇಪ್ಪತ್ತು ಕಸಬು ಎಣಿಸಿದಾಕಿ ಇಪ್ಪತ್ತೊಂದು ಅಂತ ಯಾಕ ಬರದಾಳ.”

ಬಸ್ಸಿನಲ್ಲಿ ಸಿದ್ಧಮಾಡಿಕೊಂಡ ಮಾತು ನೇತ್ರಾಳ ನಾಲಗೆಯ ತುದಿಯಲ್ಲೇ ಇತ್ತು. ತಪ್ಪಿ ಬರೆದಿದ್ದೆ, ಅಷ್ಟೇ.

“ಯಾರ ಸಲುವಾಗಿ ಬರದಿ ಅದನ್ನ?” ಎಂದಳು ಕಾವ್ಯಾ.

“ನಿನ್ನ ಸಲುವಾಗಿ.”

ಬೀದಿಯಲ್ಲಿ ಪ್ರಚಾರದ ಆಟೊ ಒಂದು ರಾಹುಲನ ದನಿಯಲ್ಲಿ ಸೀರೆ ಸೇಲು ಕೂಗುತ್ತ ಹೋಯಿತು. ಆಮೇಲೆ ನೇತ್ರಾ ವಿಡಿಯೊ ತೋರಿಸಿದಳು, ಅರ್ಬಾಜನ ಹೆಸರು ಹೇಳಿದಳು, ಸಂಗು ಹೇಳಿದ್ದನ್ನೆಲ್ಲ ತಡವರಿಸುತ್ತ ಹೇಳಿದಳು. ರಾಹುಲನ ಮೇಲಿನ ಅನುಮಾನವನ್ನೂ ಬಿಡಲಿಲ್ಲ.

ಕಾವ್ಯಾ ಡ್ರಾಯರು ಎಳೆದು ಹರಿದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಪೆನ್ಸಿಲಿನಲ್ಲಿ ಏಳು ವಾರದ ಹೆಸರು, ಮುಂದೆ ಕಡ್ಡಿ ಕಡ್ಡಿ ಗೆರೆ. ಸೋಮವಾರ ಐದು. ಮಂಗಳವಾರ ಆರು. ಗುರುವಾರ ಐದು. ಶನಿವಾರ ಏಳು.

“ಒಂದೊಂದು ದಿನ ನಲವತ್ತು ಸಲ ಆಡಿಸೀನಿ. ಯಾವ ವಾರ ಆದ್ರೂ ಅಷ್ಟ, ಏಳೆಂಟಕ್ಕ ಒಂದು ಸಲ ಕೇಳೂದಿಲ್ಲ. ಹಳೇದ್ರಾಗ ಅವನ ರೊಚ್ಚು ಒಳಗ ಇರತೈತಿ, ಕಾಣೂದಿಲ್ಲ. ಹೊಸಾದ್ರಾಗ ತಲಿ ಮ್ಯಾಲೆ ಕೆಂಪು ಪಟ್ಟಿ ಇಟ್ಟು ಕಾಣಸ್ಯಾರ. ಏನೂ ತಗದು ಹಾಕಿಲ್ಲ.” ಅವಳು ಹಾಳೆಯನ್ನು ಮುಂದಕ್ಕೆ ತಳ್ಳಿದಳು. “ಪಕ್ಕಾ ಏನ ಅಂತ ಕೇಳಿ, ನಾನ ಅಳಿಸಿಬಿಟ್ಟೆ. ಸೋಮವಾರದ್ದೊಂದ ಮಾತಿಗೆ ನೀ ಎಷ್ಟು ಹಿಗ್ಗಿದ್ದಿ. ಹೆಂಗ ಹೇಳೂದು ಅಂತ ವಿಚಾರ ಮಾಡಾಕತ್ತಿದ್ದೆ. ಈ ಕಡೆ ನೀ ನನಗ ಉಪ್ಪು ಮಾರಿದಿ.”

“ತಪ್ಪಾತು.”

“ಹೂಂ.”

ನೇತ್ರಾ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. “ನೀ ಹೊಸಾ ಆಟದಾಕಿ,” ಎಂದಳು. “ಕಲ್ತದ್ದು ಹೋಗಬಾರದು, ಕಸಗೊಳ್ಳೂದು ನ್ಯಾಯ ಅಲ್ಲ ಅಂತಿದ್ದಿ.”

ಕಾವ್ಯಾ ಮೊದಲ ಸಲ ಅವಳ ಮುಖ ನೋಡಿದಳು. ಸಿಟ್ಟು ಇತ್ತೋ ಇಲ್ಲವೋ, ಮೇಲೆ ಏನೂ ಕಾಣಲಿಲ್ಲ.

“ಅಂತಿದ್ದೆ. ಇವತ್ತ ಹಳೇದು. ಒಂದನೇ ಮೆಟ್ಲಿಂದ ಹತ್ತು.”

ಅವಳು ಕಾಲಿನಿಂದ ಸ್ಟೂಲನ್ನು ಮೇಜಿನ ಆಚೆಗೆ, ಗಿರಾಕಿಗಳು ಕೂಡುವ ಕಡೆಗೆ ಸರಿಸಿದಳು. ನೇತ್ರಾ ಇಷ್ಟು ದಿನ ಈಚೆ, ಕಾವ್ಯಾಳ ಪಕ್ಕದಲ್ಲಿ ಕೂಡುತ್ತಿದ್ದವಳು. ಹೋಗಿ ಆಚೆ ಕುಳಿತಳು. ಲೇಖನದ ಸೋಮವಾರದ ಪುಟ ತೆಗೆದು, ಹಿಗ್ಗಿ ಹಿಗ್ಗಿ ಬರೆದಿದ್ದ ಆ ಭಾಗವನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದಳು. ಹರಿದ ಹಾಳೆಯನ್ನು ಎದುರಿಗೆ ಇಟ್ಟುಕೊಂಡು, ಕಾವ್ಯಾ ಎಣಿಸಿದ ಗೆರೆಗಳನ್ನು ನೋಡುತ್ತ, ಹೊಸದಾಗಿ ಹೇಳತೊಡಗಿದಳು.

“ಹಳೆಯ ಆಟದಲ್ಲಿ ಈ ಯೋಧ ಯಾವಾಗ ತಿರುಗಿಬೀಳುತ್ತಾನೆ ಎಂಬುದು ನಮಗೆ…”

ಕಾವ್ಯಾ ಕೀಬೋರ್ಡಿನ ಮೇಲೆ ಕೈಯಿಟ್ಟು, ಪರದೆಯ ಕಡೆ ತಿರುಗಿದಳು.

“ಸ್ವಲ್ಪ ಜೋರಾಗಿ ಹೇಳ್ರಿ,” ಎಂದಳು. “ಕೇಳಸೂದಿಲ್ಲ.”

ನೇತ್ರಾ ಗಂಟಲು ಸರಿಪಡಿಸಿಕೊಂಡು ಜೋರಾಗಿ ಹೇಳಿದಳು.